ಮಾವನ ಬಗ್ಗೆ ಐನೂರು ಪದ

ಯಾವುದೇ ಕೆಲಸವನ್ನು ಬೇಗ ಶುರು ಮಾಡಿದರೆ ಒಳ್ಳೆಯದು ಅಂತ ಯಾರಾದರೂ ಉಪದೇಶ ಮಾಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಜೀವನದಲ್ಲಿ ಒಂದೇ ಒಂದು ಕೆಲಸವನ್ನು ನಾನು ಆರು ತಿಂಗಳು ಮುಂಚೆ ಶುರು ಮಾಡಿದ್ದೆ. ಅದನ್ನು ಎಲ್ಲರ ಹಾಗೆ ಕೊನೆಯ ವಾರದಲ್ಲಿ ಉಗುರು ಕಚ್ಚಿಕೊಂಡು ಗೀಚಿ ಕಳಿಸಿದ್ದರೆ ನಮ್ಮ ಮಾವನಿಗೆ ಇಷ್ಟು ಹೊತ್ತಿಗೆ ಮದುವೆಯಾಗಿ, ಸ್ಕೂಲಿಗೆ ಹೋಗುವ ಮಕ್ಕಳಿರುತ್ತಿದ್ದರು.

ಆಗ ನನಗೆ ಇಪ್ಪತ್ತು ವರ್ಷ. ಭಾರತೀನಗರದ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದೆ. ಅಪ್ಪ ಅಮ್ಮ ಇದ್ದದ್ದು ಕೆರಗೋಡಿನಲ್ಲಿ. ಅಪ್ಪ ಅಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಅಲ್ಲಿಂದ ಮಂಡ್ಯಕ್ಕೊಂದು ಬಸ್ಸು, ಮಂಡ್ಯದಿಂದ ಇನ್ನೊಂದು ಬಸ್ಸು ಹಿಡಿದು ದಿನಾ ಓಡಾಡುವುದು ಆಗದ ಮಾತು ಎಂದು ನನ್ನನ್ನು ಅಮ್ಮನ ತವರಿನಲ್ಲಿ ಬಿಟ್ಟಿದ್ದರು. ಅದು ಕಾಲೇಜಿನಿಂದ ಮೂರು ಮೈಲಿ. ಆ ಮನೆಯಲ್ಲಿ ಇದ್ದವರು ಇಬ್ಬರೇ, ನಮ್ಮಜ್ಜಿ ಮತ್ತು ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ.

ಮಾವನಿಗೆ ಮೂವತ್ತನಾಲ್ಕು. ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾಗಿ, ಮತ್ತೆ ಕಟ್ಟಲು ಮನಸ್ಸಾಗದೆ ಗದ್ದೆಗೆ ಇಳಿದವನು. ನಾಲೆ ನೀರು ತಪ್ಪದೆ ಬರುವ ಗದ್ದೆ, ಆರ್‌ಸಿಸಿ ಮನೆ, ಎರಡು ಸೀಮೆಹಸು, ಒಂದು ಬೈಕು, ಎಲ್ಲ ಇತ್ತು. ಹೆಣ್ಣು ಮಾತ್ರ ಸಿಗುತ್ತಿರಲಿಲ್ಲ. ಹೆಣ್ಣಿನ ಕಡೆಯವರು ಬಂದು ಕೂತು, ಕಾಫಿ ಲೋಟ ಕೈಗೆತ್ತಿಕೊಂಡು, "ಉಡುಗ ಏನ್ ಕೆಲ್ಸದಲ್ಲವ್ನೆ?" ಎಂದು ಕೇಳುತ್ತಿದ್ದರು. ಬೇಸಾಯ ಅಂದ ತಕ್ಷಣ ಲೋಟ ಕೆಳಗಿಡುತ್ತಿದ್ದರು. ನಾನು ಆ ಮನೆಗೆ ಬರುವ ಹೊತ್ತಿಗೆ ಮದ್ದೂರು, ಮಳವಳ್ಳಿ, ಮಂಡ್ಯ ಮೂರೂ ತಾಲ್ಲೂಕು ಸೇರಿ ಹನ್ನೊಂದು ಕಡೆಯಿಂದ ಬೇಡ ಅನ್ನಿಸಿಕೊಂಡಿದ್ದ. ಅಜ್ಜಿಗೆ ಆ ಹನ್ನೊಂದು ಊರಿನ ಹೆಸರೂ ಬಾಯಿಪಾಠವಿತ್ತು. ಮುದ್ದೆ ತಿರುವುವಾಗ ಒಂದೊಂದಾಗಿ ಹೆಸರೆತ್ತಿ ಶಾಪ ಹಾಕುತ್ತಿದ್ದಳು.

ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮ ಕಟ್ಟಿಕೊಳ್ಳುವುದು ಹೊಸದೇನಲ್ಲ. ಆದರೆ ನಾನು ತೊಟ್ಟಿಲಲ್ಲಿರುವಾಗಲೇ ಅಮ್ಮ, "ನನ್ ಮಗ್ಳ ಓದುಸ್ತೀನಿ, ಆ ಮಾತ್ ಮಾತ್ರ ಎತ್ಬ್ಯಾಡಿ," ಎಂದು ತವರಿನವರಿಗೆ ಹೇಳಿಬಿಟ್ಟಿದ್ದಳಂತೆ. ಹದಿನಾಲ್ಕು ವರ್ಷದ ಅಂತರ ಬೇರೆ. ಯಾರೂ ಎತ್ತಿರಲಿಲ್ಲ.

ನನಗೂ ಮಾವನಿಗೂ ಇದ್ದ ನಂಟು ಬೇರೆಯೇ. ದಿನಾ ಸಂಜೆ ಕಾಲೇಜಿನ ಹತ್ತಿರ, ಸಕ್ಕರೆ ಫ್ಯಾಕ್ಟರಿಗೆ ಕಾದು ನಿಂತ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲಿನ ಪಕ್ಕ ಬೈಕು ನಿಲ್ಲಿಸಿಕೊಂಡು ನನಗಾಗಿ ಕಾಯುತ್ತಿದ್ದ. ನಾನು ಹತ್ತಿ ಕೂತ ಮೇಲೆ ಕಿಕ್ಕರ್ ಹೊಡೆಯುವ ಮುಂಚೆ ಒಂದೇ ಪ್ರಶ್ನೆ: "ಲೇ, ಇವತ್ತೇನ್ ಏಳ್ಕೊಟ್ರು?" ಮಾತಿಗೆ ಕೇಳುವುದಲ್ಲ. ನಾನು ದಾರಿಯುದ್ದಕ್ಕೂ ಹೇಳಬೇಕು, ಅವನಿಗೆ ಅರ್ಥವಾಗಬೇಕು. ಅರ್ಥವಾಗದಿದ್ದರೆ ಮಾರನೇ ದಿನ ಹಸುವಿಗೆ ಹುಲ್ಲು ಹಾಕುತ್ತ ಹಾಕುತ್ತ, "ನೀ ಏಳುದ್ದು ತಪ್ಪು ಅನ್ನುಸ್ತದೆ ಕಣಮ್ಮಿ. ಎಲ್ರೂ ಭತ್ತಾನೇ ಬೆಳುದ್ರೆ ರೇಟ್ ಬೀಳ್ತದೆ ಅಂದ್ಯಲ್ಲ, ಅಂಗಾರೆ ತಪ್ಪು ಬೆಳೆಯೋನ್ದಾ, ಕೊಳ್ಳೋನ್ದಾ?" ಎಂದು ಜಗಳಕ್ಕೆ ನಿಲ್ಲುತ್ತಿದ್ದ. ಅವನಿಗೆ ಉತ್ತರ ಹೇಳಲಿಕ್ಕೆಂದೇ ನಾನು ಪುಸ್ತಕ ತೆರೆದು ಓದುತ್ತಿದ್ದೆ. ಪಾಠ ಹೇಳಿಕೊಡುವುದು ನನಗೆ ಬರುತ್ತದೆ ಎಂದು ನನಗೆ ಗೊತ್ತಾದದ್ದು ಆ ಬೈಕಿನ ಹಿಂದಿನ ಸೀಟಿನಲ್ಲಿ.

ಎರಡನೇ ವರ್ಷದ ಪರೀಕ್ಷೆ ಮುಗಿದಾಗ ನಮ್ಮ ಇಂಗ್ಲಿಷ್ ಮೇಡಂ ನನ್ನನ್ನು ಸ್ಟಾಫ್ ರೂಮಿಗೆ ಕರೆದರು. ದೂರದ ಊರಿನ ಒಂದು ವಿಶ್ವವಿದ್ಯಾಲಯದಲ್ಲಿ ಶಿಕ್ಷಣದ ವಿಷಯದಲ್ಲಿ ಎಂ.ಎ. ಇದೆ, ಆಯ್ಕೆಯಾದರೆ ಫೀಸು ಹಾಸ್ಟೆಲ್ಲು ಎಲ್ಲ ಅವರದೇ, ಆದರೆ ಬರೀ ಮಾರ್ಕ್ಸ್ ನೋಡುವುದಿಲ್ಲ, ಪ್ರಬಂಧ ಬರೆದು ಕಳಿಸಬೇಕು ಎಂದರು. ಅರ್ಜಿಗೆ ಕೊನೆಯ ದಿನ ಸಂಕ್ರಾಂತಿ ಆದಮೇಲೆ. ಆಗಿನ್ನೂ ಆಷಾಢ. "ಈಗಲೇ ಶುರು ಮಾಡು. ಕೊನೇ ವಾರ ಬರೆದದ್ದು ಓದಿದವರಿಗೆ ಗೊತ್ತಾಗಿಬಿಡುತ್ತೆ," ಎಂದರು. ಪ್ರಶ್ನೆ ಸರಳವಾಗಿತ್ತು: ನಿಮ್ಮ ಬದುಕನ್ನು ರೂಪಿಸಿದ ಒಬ್ಬ ವ್ಯಕ್ತಿಯ ಬಗ್ಗೆ ಐನೂರು ಪದಗಳಲ್ಲಿ ಬರೆಯಿರಿ. ಮೇಡಂ ಇನ್ನೂ ಎರಡು ಮಾತು ಸೇರಿಸಿದರು. ಕೊನೆಯ ವಾಕ್ಯ ಓದಿದವರ ಮನಸ್ಸಿನಲ್ಲಿ ನಿಲ್ಲಬೇಕು. ಬರೆದದ್ದನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಬೇಕು, ಸುಳ್ಳಿದ್ದರೆ ಅವರ ಮುಖದಲ್ಲೇ ಗೊತ್ತಾಗುತ್ತದೆ. ನಾನು ಮೇಡಂ ಹೇಳಿದ ಯಾವ ಮಾತನ್ನೂ ಮೀರಿದವಳಲ್ಲ.

ಯಾರ ಬಗ್ಗೆ ಬರೆಯುವುದು ಎಂದು ಯೋಚಿಸುವ ಪ್ರಮೇಯವೇ ಇರಲಿಲ್ಲ. ಬೈಕು, ಟ್ರ್ಯಾಕ್ಟರ್ ಸಾಲು, ಭತ್ತದ ರೇಟಿನ ಜಗಳ, ಫೇಲಾದ ಇಂಗ್ಲಿಷ್ ಎಲ್ಲವನ್ನೂ ಹದಿನೈದು ದಿನ ಕೂತು ಬರೆದೆ. ಕೊನೆಯ ವಾಕ್ಯ ನಿಲ್ಲಬೇಕಲ್ಲ, ಅದಕ್ಕೇ ಎರಡು ದಿನ ಹಿಡಿಯಿತು. "ಮಾವ ಇಲ್ಲದ ಮನೆಯಲ್ಲಿ ಬದುಕುವುದು ಹೇಗೆ ಎಂದು ನನಗೆ ಗೊತ್ತಿಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದು ಪೆನ್ನು ಕೆಳಗಿಟ್ಟೆ. ನನಗೇ ಕಣ್ಣು ತುಂಬಿ ಬಂದಿತ್ತು.

ಶ್ರಾವಣದ ಒಂದು ಮಧ್ಯಾಹ್ನ ಅಜ್ಜಿ ಜಗುಲಿ ಮೇಲೆ ಮೊರದಲ್ಲಿ ಹುರುಳಿಕಾಳು ಹಸನು ಮಾಡುತ್ತ ಕೂತಿದ್ದಳು. ಮಾವ ಮನೆಯಲ್ಲಿರಲಿಲ್ಲ. ನಾನು ಎದುರಿಗೆ ಕೂತು ಪೂರ್ತಿ ಪ್ರಬಂಧವನ್ನು ಕನ್ನಡ ಮಾಡಿ ಓದಿದೆ. ಅರ್ಧಕ್ಕೆ ಬರುವ ಹೊತ್ತಿಗೆ ಅಜ್ಜಿಯ ಕೈ ನಿಂತುಹೋಗಿತ್ತು.

"ಕಡೇದು ಇನ್ನೊಂದ್ ಸಲ ಓದು ಮಗಾ," ಎಂದಳು.

ಓದಿದೆ. ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಬರವಣಿಗೆಯ ಶಕ್ತಿ ಎಂದು ನಾನು ಬೀಗಿದೆ.

"ಇಂಗ್ಲೀಸಲ್ಲೂ ಇಂಗೇ ಬರ್ದಿದ್ದೀಯಾ?"

"ಹೂಂ ಅಜ್ಜಿ."

"ಇದ್ನ ಕಾಲೇಜ್ನೋರ್ಗೆಲ್ಲ ಕೊಡ್ತೀಯಾ?"

"ಕೊಡ್ಲೇಬೇಕಲ್ಲ."

"ನಾಚ್ಕೆ ಆಗಲ್ವೇ?"

"ನಾಚ್ಕೆ ಯಾಕಜ್ಜಿ? ಮನ್ಸಲ್ಲಿರೋದ್ನೇ ತಾನೆ ಬರ್ದಿರೋದು."

ಅಜ್ಜಿ ನನ್ನ ಮುಖ ನೀವಿ ಲಟಿಕೆ ತೆಗೆದಳು. ಹೊತ್ತಲ್ಲದ ಹೊತ್ತಿನಲ್ಲಿ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ನಾನು ಹುರುಳಿ ಮೊರವನ್ನು ಎಳೆದುಕೊಂಡು ಮಿಕ್ಕ ಕಲ್ಲು ಆರಿಸಿದೆ.

ಮಾರನೇ ದಿನದಿಂದ ಮನೆ ಬದಲಾಯಿತು. ಪಾತ್ರೆ ತೊಳೆಯಲು ಹೋದರೆ ಅಜ್ಜಿ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು. ಸಾರಿಗೆ ಮೊದಲ ತುಪ್ಪ ನನ್ನ ತಟ್ಟೆಗೆ. ಕಾಲೇಜು ಶುರುವಾದಾಗ, "ಇನ್ಮೇಲೆ ಆಟೋದಲ್ಲಿ ಓಗು. ಅವ್ನ್ ಗಾಡಿ ಅತ್ಬ್ಯಾಡ, ಜನ ನೋಡ್ತರೆ," ಎಂದಳು. ಎರಡು ವರ್ಷದಿಂದ ನೋಡಿದ ಜನಕ್ಕೆ ಈಗೇನಾಯಿತು ಎಂದು ನಾನು ನಕ್ಕೆ. ಆದರೆ ಮಾವನೂ ಬೈಕು ತರಲಿಲ್ಲ. ಸಂಜೆ ನಾನು ಮನೆಗೆ ಬಂದರೆ ಕೊಟ್ಟಿಗೆಯ ಕಡೆ ಎದ್ದು ಹೋಗುತ್ತಿದ್ದ. ಏನು ಹೇಳಿಕೊಟ್ಟರು ಎಂದು ಕೇಳುತ್ತಿರಲಿಲ್ಲ. ಲೇ ಅನ್ನುತ್ತಿರಲಿಲ್ಲ. ನನಗೆ ಏನಾದರೂ ಹೇಳಬೇಕಾದರೆ ಗೋಡೆ ನೋಡಿಕೊಂಡು, "ಅವ್ವ, ಊಟಕ್ಕಿಕ್ಕಂತ ಏಳು," ಎಂದು ಅಜ್ಜಿಯ ಮೂಲಕ ಹೇಳುತ್ತಿದ್ದ. ನಾನೇನು ತಪ್ಪು ಮಾಡಿದೆ ಎಂದು ತಲೆ ಕೆಡಿಸಿಕೊಂಡೆ. ಬೈಕಿನ ಸೀಟಿನ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡಿದ್ದೆ ಎಂದು ಗೊತ್ತಾದದ್ದೇ ಆಗ.

ಗೌರಿ ಹಬ್ಬಕ್ಕೆ ಅಮ್ಮ ಬಂದಳು. ಬಂದವಳೇ ನನ್ನನ್ನು ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ, ದನಿ ತಗ್ಗಿಸಿ, "ನಂಗೊಂದ್ ಮಾತ್ ಏಳ್ಬಾರ್ದಿತ್ತಾ? ನಿನ್ ಬಾಯಿಂದ ನಾನ್ ಕೇಳ್ಬಾರ್ದಿತ್ತಾ?" ಎಂದಳು.

"ಏನು?"

"ಮಾವನ್ನ ಒಪ್ಕಂಡಿರೋದ."

ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಆಮೇಲೆ ಎಲ್ಲ ಒಟ್ಟಿಗೆ ತಿಳಿಯಿತು: ತುಪ್ಪ, ಆಟೋ, ದೀಪ, ಗೋಡೆ. ಪ್ರಬಂಧ ಓದಿದ ಸಂಜೆಯೇ ಅಜ್ಜಿ ಅಮ್ಮನಿಗೆ ಫೋನು ಮಾಡಿ, "ನಿನ್ ಮಗ್ಳು ಬಾಯ್ಬುಟ್ಟು ಏಳವ್ಳೆ, ಬರ್ದೂ ಕೊಟ್ಟವ್ಳೆ," ಎಂದಿದ್ದಳು.

"ಅದು ಪ್ರಬಂಧ ಕಣಮ್ಮ!"

"ಪ್ರಬಂಧದಲ್ಲಿ ಸುಳ್ ಬರೀತರಾ?"

"ಸುಳ್ಳಲ್ಲ..."

"ಮತ್ತೆ?"

ಅಮ್ಮ ದಡ್ಡಿಯಲ್ಲ. ಅವಳಿಗೂ ಒಳಗೊಳಗೇ ಅನುಮಾನವಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಅವಳ ಕಣ್ಣ ಮುಂದೆ ಒಬ್ಬನೇ ತಮ್ಮ ಹನ್ನೊಂದು ಸಲ ತಲೆ ತಗ್ಗಿಸಿದ್ದ. ತಾಯಿ ಮೊದಲ ಸಲ ನಗುನಗುತ್ತ ಒಬ್ಬಟ್ಟು ತಟ್ಟುತ್ತಿದ್ದಳು. "ನಾನ್ ಬಲವಂತ ಮಾಡಲ್ಲ. ನೀನೇ ಓಗಿ ಅಜ್ಜಿಗೆ ಬ್ಯಾಡ ಅಂತ ಏಳು," ಎಂದು ನನ್ನನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಅಪ್ಪನಿಗೆ ಫೋನು ಮಾಡಿದರೆ, ಓದುವುದನ್ನು ಮದುವೆಯಾದ ಮೇಲೂ ಓದಬಹುದು, ಮಾವನಾದರೆ ಬೇಡ ಅನ್ನುವವನಲ್ಲ ಎಂದು ಮೇಷ್ಟ್ರ ದನಿಯಲ್ಲಿ ಸಮಾಧಾನ ಹೇಳಿದರು.

ಅಜ್ಜಿಗೆ ಹೇಳಲು ನಾನು ಅಡುಗೆಮನೆ ಬಾಗಿಲವರೆಗೆ ಎಷ್ಟು ಸಲ ಹೋದೆನೋ. ಬೇಡ ಅನ್ನುವುದು ಒಂದು ಮಾತು ಅಷ್ಟೇ ಎಂದು ಈಗಿನವರು ಹೇಳಬಹುದು. ನಾನು ಬೇಡ ಅನ್ನಬೇಕಾಗಿದ್ದದ್ದು ನನ್ನ ಬದುಕಿನಲ್ಲಿ ಇವನಿಗಿಂತ ದೊಡ್ಡ ಮನುಷ್ಯನಿಲ್ಲ ಎಂದು ನಾನೇ ಬರೆದು, ಕಣ್ಣೀರು ಹಾಕಿಕೊಂಡು ಓದಿದ್ದ ಮನುಷ್ಯನಿಗೆ. ಹನ್ನೊಂದು ಮನೆಯವರು ಅವನು ಎಂಥವನು ಎಂದು ನೋಡದೆ ಬೇಡ ಅಂದಿದ್ದರು. ಹನ್ನೆರಡನೆಯವಳು ನಾನು, ಎಲ್ಲ ಗೊತ್ತಿದ್ದೂ ಬೇಡ ಅನ್ನುವವಳು. ಆ ಸಾಲಿನ ಕೊನೆಯಲ್ಲಿ ಹೋಗಿ ನಿಲ್ಲಲು ನನ್ನಿಂದ ಆಗಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಕಾಲೇಜಿಗೆ ಹೋದೆ, ಬಂದೆ.

ಪಿತೃಪಕ್ಷದ ಹಬ್ಬಕ್ಕೆ ಮುಂಚೆ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅಜ್ಜಿ ಪಕ್ಕದ ಮನೆಯಾಕೆಯ ಜೊತೆ ಮಾತಾಡುತ್ತ, "ಮಳವಳ್ಳಿಯೋರ್ಗೆ ಬರ್ಬ್ಯಾಡಿ ಅಂತ ಏಳ್ಕಳುಸ್ಬುಟ್ಟೆ. ಮನೇಲೇ ಎಣ್ಣ್ ಮಡೀಕಂಡು ಊರೂರ್ ಅಲೀತಿದ್ದೆ ನೋಡು," ಎಂದಳು. ಮಳವಳ್ಳಿ ಸೀಮೆಯ ಆ ಹುಡುಗಿ ಹೊಲಿಗೆ ಮಾಡುತ್ತಿದ್ದಳು. ಅಪ್ಪ ಇಲ್ಲ, ತಾಯಿ ಮಗಳು ಇಬ್ಬರೇ. ಬೇಸಾಯ ಅಂದಾಗ ಲೋಟ ಕೆಳಗಿಡದಿದ್ದ ಒಂದೇ ಮನೆ ಅದು. ಆಷಾಢ ಕಳೆದ ಮೇಲೆ ಮನೆ ನೋಡಲು ಬರುತ್ತೇವೆ ಎಂದಿದ್ದರು. ನನ್ನ ತುತ್ತು ಕೈಯಲ್ಲೇ ಉಳಿಯಿತು. ಆಗಲೇ ಎದ್ದು, ಅಜ್ಜಿ, ಅವರಿಗೆ ಬರಲಿಕ್ಕೆ ಹೇಳು, ಇದೆಲ್ಲ ತಪ್ಪು ಎಂದು ಕೂಗಬಹುದಿತ್ತು. ಕೂಗಲಿಲ್ಲ. ಆ ತುತ್ತನ್ನು ನುಂಗಿ, ಇನ್ನೊಂದು ತುತ್ತು ಮುರಿದೆ. ನನ್ನ ಮೇಲೆ ನನಗೆ ಇರುವ ಸಿಟ್ಟೆಲ್ಲ ಆ ಎರಡನೇ ತುತ್ತಿನದು.

ಮನೆ ಹೀಗಾದರೆ ಕಾಲೇಜು ಇನ್ನೊಂದು ಬಗೆ. ಮೇಡಂ ನನ್ನ ಪ್ರಬಂಧದ ಅಂಚಿಗೆಲ್ಲ ಕೆಂಪು ಪೆನ್ನಿನಲ್ಲಿ ಬರೆದುಕೊಟ್ಟಿದ್ದರು: ಇಲ್ಲಿ ಇನ್ನಷ್ಟು ವಿವರ ಬೇಕು, ಅವರ ಕೈ ಹೇಗಿದೆ, ನಗು ಹೇಗಿದೆ. ನಾನು ವಿಷಯ ಬದಲಾಯಿಸುತ್ತೇನೆ ಎಂದೆ. "ಹುಚ್ಚಾ ನಿನಗೆ? ಮೂವತ್ತು ಜನ ಬರೆದುಕೊಟ್ಟಿದ್ದಾರೆ, ಇದೊಂದೇ ನಿಜವಾಗಿರೋದು," ಎಂದರು. ಆದರೂ ಹಟ ಮಾಡಿ ಕಾಲೇಜಿನ ಲೈಬ್ರರಿಯ ಬಗ್ಗೆ ಒಂದು ಬರೆದುಕೊಂಡು ಹೋದೆ. ಓದಿ, "ಇದರಲ್ಲಿ ನೀನೇ ಇಲ್ಲ," ಎಂದು ಮೇಜಿನ ಮೇಲಿಟ್ಟರು. ನಿಜ, ಇರಲಿಲ್ಲ. ಹಾಗಾಗಿ ಮಾವನ ಕೈ ಹೇಗಿದೆ ಎಂದು ಬರೆಯಲು ಕೂತೆ. ಮೂರನೇ ಸಲ, ನಾಲ್ಕನೇ ಸಲ. ಜಗುಲಿ ಮೇಲೆ ನೋಟ್‌ಬುಕ್ ತೆರೆದರೆ ಸಾಕು, ಅಜ್ಜಿ ದಾರಿಯಲ್ಲಿ ಹೋಗುವವರಿಗೆಲ್ಲ ಸನ್ನೆ ಮಾಡಿ, "ಮಾವನ್ ಇಚಾರ ಬರೀತಾವ್ಳೆ, ಮಾತಾಡುಸ್ಬ್ಯಾಡಿ," ಅನ್ನುತ್ತಿದ್ದಳು. ಹೋಗುವವರು ನಗುತ್ತಿದ್ದರು. ಆ ಪ್ರಬಂಧ ಚೆನ್ನಾದಷ್ಟೂ ನಾನು ಈ ಊರಿನಿಂದ ಹೊರಗೆ ಹೋಗುವ ದಾರಿ ಹತ್ತಿರವಾಗುತ್ತಿತ್ತು, ಚೆನ್ನಾದಷ್ಟೂ ಈ ಮನೆಗೆ ನಾನು ಸೊಸೆಯಾಗುತ್ತಿದ್ದೆ.

ದೀಪಾವಳಿಗೆ ಮುಂಚೆ ಮಾವ ಮನೆಗೆ ಬಣ್ಣ ಹೊಡೆಸಿದ. ನಾನು ಮಲಗುವ ಕೋಣೆಗೆ ಯಾವ ಬಣ್ಣ ಎಂದು ಅಜ್ಜಿಯ ಮೂಲಕ ಕೇಳಿಸಿದ. ಯಾವುದಾದರೂ ಅಂದೆ. ತಿಳಿ ಹಸಿರು ಹೊಡೆಸಿದ. ನನ್ನ ಕಾಲೇಜಿನ ಚೂಡಿದಾರದ ಬಣ್ಣ. ಆ ಕೋಣೆಯಲ್ಲಿ ಬಣ್ಣದ ವಾಸನೆ ಹದಿನೈದು ದಿನ ಹೋಗಲಿಲ್ಲ. ಅವನಿಗೂ ಆಸೆ ಹುಟ್ಟಿತ್ತೋ, ಇಲ್ಲ ಹಬ್ಬಕ್ಕೆ ಹೊಡೆಸಿದ್ದೋ, ನನಗೆ ಗೊತ್ತಿಲ್ಲ. ಒಂದು ಹೊಸ ಅಂಗಿಯನ್ನೂ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದ.

ಕಾರ್ತಿಕದಲ್ಲಿ ನಾಲೆ ನೀರಿನ ಸರದಿ ನಮ್ಮ ಗದ್ದೆಗೆ ಬಂತು. ಸರದಿ ಬಂದ ದಿನ ಗದ್ದೆ ಬಿಟ್ಟು ಬರುವ ಹಾಗಿಲ್ಲ. ಅಜ್ಜಿ ಬೇಕೆಂದೇ ಮಂಡಿನೋವು ಹೇಳಿಕೊಂಡು ಬುತ್ತಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಬದುವಿನ ಮೇಲೆ ಬುತ್ತಿ ಇಟ್ಟೆ. ಮಾವ ನೀರಿನಲ್ಲಿ ನಿಂತು ಗುದ್ದಲಿಯಿಂದ ಮಣ್ಣು ಸರಿಸಿ ಮಡೆ ಬಿಡಿಸುತ್ತಿದ್ದ, ಕಬ್ಬಿನ ಸಾಲಿನೊಳಕ್ಕೆ ನೀರು ನುಗ್ಗುತ್ತಿತ್ತು. ನಾನು ತಿರುಗಿ ಹೊರಟಾಗ ಹಿಂದಿನಿಂದ ಕೇಳಿದ.

"ಅದೇನೋ ಬರ್ದಿದ್ದೀಯಂತೆ. ಊರ್ಗೆಲ್ಲ ಗೊತ್ತು, ನಂಗೊಬ್ಬಂಗೇ ಗೊತ್ತಿಲ್ಲ. ಓದು, ಕೇಳ್ತೀನಿ."

ಮೂರು ತಿಂಗಳಲ್ಲಿ ಅವನು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವನು ನನ್ನ ಕಡೆ ನೋಡುತ್ತಿರಲಿಲ್ಲ, ನೀರು ನೋಡುತ್ತಿದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಗದ್ದೆಗೆ ಬಂದಿದ್ದ. ನಾನು ಬದುವಿನ ಮೇಲೆ ಕೂತು ಫೋನಿನಲ್ಲಿದ್ದ ನಾಲ್ಕನೇ ಪ್ರತಿಯನ್ನು ಕನ್ನಡ ಮಾಡಿ ಹೇಳುತ್ತ ಹೋದೆ. ಟ್ರ್ಯಾಕ್ಟರಿನ ಸಾಲು ಬಂದಾಗ ಅವನ ಮುಖದಲ್ಲಿ ಸಣ್ಣ ನಗು ಬಂತು. ಭತ್ತದ ರೇಟಿನ ಜಗಳಕ್ಕೆ, "ಅದ್ಕಿನ್ನೂ ನೀ ಸರ್ಯಾಗ್ ಉತ್ರ ಏಳಿಲ್ಲ," ಎಂದ. ಅವನಿಗೆ ಹೇಳಿಕೊಡುತ್ತ ಹೇಳಿಕೊಡುತ್ತ ನಾನು ಮೇಷ್ಟ್ರಾಗಬೇಕು ಎಂದು ಗೊತ್ತಾಯಿತು, ಅದಕ್ಕೇ ಈ ಕೋರ್ಸಿಗೆ ಬರುತ್ತೇನೆ ಎನ್ನುವ ಕಡೆ ಅವನು ಗುದ್ದಲಿಯನ್ನು ಊರಿ ನಿಂತ. ಕೊನೆಯ ವಾಕ್ಯವನ್ನೂ ಓದಿದೆ. ನೀರು ತುಂಬಿ ಪಕ್ಕದ ಸಾಲಿಗೆ ಹರಿಯಲು ಶುರುವಾಗಿತ್ತು. ಎರಡು ಗುದ್ದಲಿ ಮಣ್ಣು ಎಳೆದು ಮಡೆ ಕಟ್ಟಿದ.

"ಇದು ಲಗ್ನದ ಮಾತಲ್ಲ ಕಣಮ್ಮಿ," ಎಂದ. "ಇದು ಓಯ್ತೀನಿ ಅನ್ನೋ ಮಾತು."

ನಾನು ಫೋನು ಆರಿಸಿ ಮಡಿಲಲ್ಲಿಟ್ಟುಕೊಂಡೆ.

"ಇರೋರು ಇಂಗೆಲ್ಲ ಒಗಳಕಿಲ್ಲ. ಇರೋರು ಬಯ್ಕಂಡ್ ಇರ್ತರೆ. ನಮ್ಮವ್ವಂಗೆ ಅಷ್ಟೂ ಗೊತ್ತಾಗ್ನಿಲ್ಲ."

ಆಗ ನನಗೆ ಅಳು ಬಂತು. ಅಳುವುದಕ್ಕೆ ಮೂರು ತಿಂಗಳಿಂದ ಜಾಗವೇ ಸಿಕ್ಕಿರಲಿಲ್ಲ. ಅವನು ಸ್ವಲ್ಪ ಹೊತ್ತು ಬಿಟ್ಟು, "ನೀನ್ ಯಾಕ್ ಬಾಯ್ಬುಡ್ಲಿಲ್ಲ?" ಎಂದ.

"ಹನ್ನೆರಡನೇಯೋಳು ನಾನಾಗ್ಬಾರ್ದು ಅಂತ."

ಮಾವ ಮೊದಲು ನಕ್ಕ. ಆಮೇಲೆ ಮುಖ ಆ ಕಡೆ ತಿರುಗಿಸಿ, ಕಟ್ಟಿದ ಮಡೆಯನ್ನೇ ಇನ್ನೊಮ್ಮೆ ಕಟ್ಟಿದ. ಅದು ಗಟ್ಟಿಯಾಗಿಯೇ ಇತ್ತು. ಕೈ ತೊಳೆದುಕೊಂಡು ಬದುವಿಗೆ ಬಂದು ಬುತ್ತಿ ಬಿಚ್ಚಿದ. "ಅಳ್ಬ್ಯಾಡ ಕಣ್ಲೇ. ಸಾರ್ ಆರೋಯ್ತದೆ, ನೀನೂ ಉಣ್ಣು," ಎಂದ. ಆ ಲೇ ಕೇಳಿ ನನಗೆ ಇನ್ನೂ ಜೋರಾಗಿ ಅಳು ಬಂತು.

ಅವತ್ತು ಸಂಜೆ ಮನೆಗೆ ಬಂದು, ಕಾಲು ತೊಳೆಯುವ ಮುಂಚೆಯೇ, ಅಜ್ಜಿಗೆ ಹೇಳಿದ. "ನಾನ್ ಒಲ್ಲೆ ಕಣವ್ವ. ತೊಡೆ ಮ್ಯಾಲ್ ಆಡ್ಸಿದ್ ಮಗ ಅದು. ನೀವು ನೀವೇ ಮಾತಾಡ್ಕಂಡ್ರೆ ನಾನೇನ್ ಮಾಡ್ಲಿ?" ನನ್ನ ಹೆಸರು ಎತ್ತಲಿಲ್ಲ. ಅಜ್ಜಿ ಅವನ ಮೇಲೆ ಕೂಗಾಡಿದಳು, ಎದೆ ಬಡಿದುಕೊಂಡಳು, ಒಪ್ಪಿ ಬಂದ ಹೆಣ್ಣನ್ನು ಒದೆಯುವವನು ಎಂದಳು. ನನ್ನನ್ನು ತಬ್ಬಿಕೊಂಡು ಸಮಾಧಾನ ಮಾಡಿದಳು. ನಾನು ಸಮಾಧಾನ ಮಾಡಿಸಿಕೊಂಡೆ. ಅದೂ ನನಗೆ ನೆನಪಿದೆ.

ಮಾರನೇ ದಿನ ಬೆಳಿಗ್ಗೆ ಮಾವ ಪೆಟ್ಟಿಗೆಯ ಹೊಸ ಅಂಗಿ ಹಾಕಿಕೊಂಡು ಬೈಕು ತೆಗೆದ. ಎಲ್ಲಿಗೆ ಎಂದು ಅಜ್ಜಿ ಕೇಳಲಿಲ್ಲ, ಮಾತು ಬಿಟ್ಟಿದ್ದಳು. ನಾನ್ಯಾಕೋ ಗೇಟಿನ ತನಕ ಹೋದೆ. "ಮಳವಳ್ಳಿಗೆ ಓಗ್ಬುಟ್ ಬತ್ತೀನಿ," ಎಂದ. ಗಂಡು ತಾನೇ, ಒಬ್ಬನೇ, ದಲ್ಲಾಳಿಯಿಲ್ಲದೆ ಹೆಣ್ಣಿನ ಮನೆ ಬಾಗಿಲಿಗೆ ಹೋಗಿ ನಿಂತದ್ದನ್ನು ನಮ್ಮ ಕಡೆ ನಾನು ಮುಂಚೆಯೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಕಾಲೇಜಿಗೆ ಹೋಗದೆ ಕಾದೆ. ಮಧ್ಯಾಹ್ನ ಮೂರು ಗಂಟೆಗೆ ಬಂದ. ಬೈಕಿಗೆ ಸ್ಟ್ಯಾಂಡು ಹಾಕಿ, ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿದ.

"ಬೇರೆ ಕಡೆ ತಾಂಬೂಲ ಆಗೋಗದಂತೆ. ವಾರ ಆಯ್ತಂತೆ," ಎಂದ. "ಒಳ್ಳೇ ಜನ. ಮಜ್ಗೆ ಕೊಟ್ರು."

ಒಂದು ವಾರ. ಪ್ರಬಂಧವನ್ನು ಆರು ತಿಂಗಳು ಮುಂಚೆ ಶುರು ಮಾಡಿದ ನಾನು ಒಂದು ಮಾತು ಆಡುವುದರಲ್ಲಿ ಒಂದು ವಾರ ತಡ ಮಾಡಿದ್ದೆ.

ಆ ಪ್ರಬಂಧವನ್ನು ಒಲೆಗೆ ಹಾಕುತ್ತೇನೆ, ಅರ್ಜಿಯನ್ನೇ ಕಳಿಸುವುದಿಲ್ಲ ಎಂದು ಹಟ ಹಿಡಿದೆ. ಶಿಕ್ಷೆ ಯಾರಾದರೂ ಕೊಡಲಿ ಅನ್ನಿಸುತ್ತಿತ್ತು, ಯಾರೂ ಕೊಡದಿದ್ದಾಗ ನಾನೇ ಕೊಟ್ಟುಕೊಳ್ಳಲು ನೋಡಿದೆ. ಸಂಕ್ರಾಂತಿ ಕಳೆಯಿತು. ಮೇಡಂ ಮೂರು ಸಲ ಫೋನು ಮಾಡಿದರು. ಕೊನೆಯ ದಿನ ಬೆಳಿಗ್ಗೆ ಮಾವ ಬೈಕು ತೆಗೆದು, "ಅತ್ಲೇ," ಎಂದ. ಅಜ್ಜಿ ನೋಡುತ್ತಿದ್ದಂತೆಯೇ ನಾನು ಹತ್ತಿ ಕೂತೆ. ಭಾರತೀನಗರದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ, ತಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ.

"ಇಷ್ಟೆಲ್ಲ ಆದ್ಮೇಲೆ ಅದ್ನ ಕಳಿಸ್ದೇ ಇದ್ರೆ ನಂಗೆ ಬ್ಯಾಜಾರಾಯ್ತದೆ. ಕಳ್ಸು. ಕಡೇ ಮಾತೊಂದ್ ತೆಗ್ದಾಕು."

"ಯಾಕ್ ಮಾವ?"

"ಮಾವ ಇಲ್ದಿರೋ ಮನೇಲಿ ಎಂಗ್ ಬದ್ಕೋದು ಗೊತ್ತಿಲ್ಲ ಅಂದಿದ್ದೀಯಲ್ಲ. ಇನ್ನಾರ್ ತಿಂಗ್ಳಿಗೆ ಗೊತ್ತಾಯ್ತದೆ. ಸುಳ್ಳಾಗೋ ಮಾತ್ ಯಾಕ್ ಬರೀತೀಯ?"

ನಾನು ಆ ವಾಕ್ಯವನ್ನು ಅಳಿಸಿದೆ. ಈಗ ಪ್ರಬಂಧ ಟ್ರ್ಯಾಕ್ಟರುಗಳ ಸಾಲಿನ ಪಕ್ಕ ಅವನು ಬೈಕು ನಿಲ್ಲಿಸಿಕೊಂಡು ಕಾಯುವಲ್ಲಿಗೆ ಮುಗಿಯಿತು. ಕೊನೆಯ ವಾರವೂ ಅಲ್ಲ, ಕೊನೆಯ ದಿನ ಕಳಿಸಿದೆ. ನನಗೆ ಸೀಟು ಸಿಕ್ಕಿತು.

ಈಗ ನಾನೇ ಹೇಳಿಕೊಡುವವಳು. ಪ್ರತಿ ವರ್ಷ ಅರ್ಜಿಯ ಕಾಲ ಬಂದಾಗ ಹುಡುಗಿಯರು ಪ್ರಬಂಧ ಹಿಡಿದುಕೊಂಡು ಬರುತ್ತಾರೆ, ಯಾವಾಗ ಶುರು ಮಾಡಬೇಕು ಎಂದು ಕೇಳುತ್ತಾರೆ. ನಿಮಗೆ ಅನುಕೂಲವಾದಾಗ ಅನ್ನುತ್ತೇನೆ. ಅಮ್ಮ ಅಪ್ಪನಿಗೆ ಓದಿ ತೋರಿಸಲಾ ಮೇಡಂ ಎಂದು ಕೇಳಿದವಳಿಗೆ ಒಮ್ಮೆ ಸುಮ್ಮಸುಮ್ಮನೆ ರೇಗಿಬಿಟ್ಟೆ. ಪಾಪ, ಆ ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡಳು.

ಅಜ್ಜಿ ಇನ್ನೂ ಹೆಣ್ಣು ಹುಡುಕುತ್ತಿದ್ದಾಳೆ. ಅವಳ ಪಟ್ಟಿಯಲ್ಲಿ ಊರುಗಳು ಹೆಚ್ಚಾಗಿವೆ. ಮಾವನಿಗೆ ನಲವತ್ತು ದಾಟಿತು, ಕೋಣೆಗೆ ಅದೇ ತಿಳಿ ಹಸಿರು. ನಾನು ಆ ಮನೆಯಿಂದ ಹೊರಗೆ ಬಂದಿದ್ದೇನೆಯೇ ಹೊರತು ಬಿಡುಗಡೆಯಾಗಿ ಬಂದಿಲ್ಲ. ದಿನಾ ಸಂಜೆ ಆರೂವರೆಗೆ, ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ, ಅವನ ಫೋನು ಬರುತ್ತದೆ.

"ಲೇ, ಇವತ್ತೇನ್ ಏಳ್ಕೊಟ್ಟೆ?"

ನಾನು ಹೇಳುತ್ತೇನೆ. ಅವನು ಅಡ್ಡ ಪ್ರಶ್ನೆ ಹಾಕುತ್ತಾನೆ, ಜಗಳವಾಡುತ್ತೇವೆ. ಎಲ್ಲ ಮುಗಿದ ಮೇಲೆ ಒಂದು ಗಳಿಗೆ ಇಬ್ಬರೂ ಸುಮ್ಮನಾಗುತ್ತೇವೆ. ಆ ಬಣ್ಣ ಯಾಕೆ ಹೊಡೆಸಿದೆ ಮಾವ ಎಂದು ನಾನು ಕೇಳಬೇಕಾದ ಜಾಗ ಅದು. ಏಳು ವರ್ಷದಿಂದ ಕೇಳಿಲ್ಲ. ಅವನು ಸ್ವಲ್ಪ ಕಾದು, "ಸರಿ, ಫೋನ್ ಮಡಗ್ಲಾ?" ಅನ್ನುತ್ತಾನೆ. ಮಡಗು ಮಾವ ಅನ್ನುತ್ತೇನೆ.